ದೊಡ್ಡಕ್ಕನ ಹೆಸರಿನ ಕ್ಷುದ್ರಗ್ರಹ

ವೀಕ್ಷಣಾಲಯದಲ್ಲಿ ಅವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಕೋಟು ತೊಟ್ಟರೆ ಗೂಟಕ್ಕೆ ತೂಗುಹಾಕಿದ ಹಾಗೆ ಕಾಣುವಂಥ ಆಳು. ಚಿಕ್ಕಂದಿನಲ್ಲಿ ಬೀದಿಯ ಹುಡುಗರು ಇಟ್ಟ ಆ ಹೆಸರು ಶಾಲೆ, ಕಾಲೇಜು ದಾಟಿ, ಬೆಟ್ಟದ ಮೇಲಿನ ದೂರದರ್ಶಕದವರೆಗೂ ಅವನ ಬೆನ್ನು ಬಿಡದೆ ಬಂದಿತ್ತು. ಅದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ಹೊಸಬರು ಯಾರಾದರೂ ಪೂರ್ತಿ ಹೆಸರು ಹಿಡಿದು ಕರೆದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವನೇ ಹಿಂದಕ್ಕೆ ತಿರುಗಿ ನೋಡುತ್ತಿದ್ದ.

ಅದೇ ಹುಡುಗರು ಅವನ ಅಕ್ಕನಿಗೆ ಇಟ್ಟ ಹೆಸರು ಗುಡಾಣ. ಅವಳದು ಎತ್ತರಕ್ಕೆ ತಕ್ಕ ಗಾತ್ರ, ಗಾತ್ರಕ್ಕೆ ತಕ್ಕ ಕೈಕಾಲು, ಅಚ್ಚ ಕಪ್ಪು ಬಣ್ಣ. ನಡುವೆ ಇನ್ನೊಬ್ಬಳು ಅಕ್ಕ ಇದ್ದಳು. ಅವಳು ಮದುವೆಯಾಗಿ ದೂರದ ಊರು ಸೇರಿಕೊಂಡಳು. ಅವಳು ಚಿಕ್ಕಕ್ಕ, ಇವಳು ದೊಡ್ಡಕ್ಕ. ಮನೆಯವರ ಪಾಲಿಗೆ ಆ ‘ದೊಡ್ಡ’ ಎಂಬುದು ವಯಸ್ಸಿನ ಮಾತಾಗಿತ್ತೇ ಹೊರತು ಮೈಯ ಮಾತಾಗಿರಲಿಲ್ಲ.

ಕಡ್ಡಿ ಅಂಬೆಗಾಲಿಡುತ್ತಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಲಾರಿ ಓಡಿಸುತ್ತಿದ್ದ ಅಪ್ಪ ಮನೆಗೆ ಬರುವುದು ಅಪರೂಪವಾಗುತ್ತ ಆಗುತ್ತ ಕೊನೆಗೆ ನಿಂತೇಹೋಯಿತು. ದೊಡ್ಡಕ್ಕ ಶಾಲೆ ಬಿಟ್ಟು ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ನೆಲಮಾಳಿಗೆಯ ಉದ್ದನೆಯ ಕೋಣೆ ಅದು. ಒಂದು ಬದಿಗೆ ಗುಡುಗುಡು ತಿರುಗುವ ಒಗೆಯುವ ಡ್ರಮ್ಮುಗಳು, ಇನ್ನೊಂದು ಬದಿಗೆ ಹಾಸಿಗೆ ಬಟ್ಟೆಯನ್ನು ನುಂಗಿ ಗರಿಗರಿಯಾಗಿ ಉಗುಳುವ ಬಿಸಿ ಉರುಳೆ, ಮಧ್ಯದಲ್ಲಿ ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣದಷ್ಟು ಹಬೆ. ಚಿಕ್ಕಕ್ಕ ಶಾಲೆಗೆ ಹೋದ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲದ ಕಾರಣ ದೊಡ್ಡಕ್ಕ ತಮ್ಮನನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಆಗ ತಾನೇ ಇಸ್ತ್ರಿಯಾದ ಬಟ್ಟೆಗಳ ಗಾಡಿಯಲ್ಲಿ, ಬೆಚ್ಚನೆಯ ಹೊದಿಕೆಗಳ ನಡುವೆ ಅವನು ನಿದ್ದೆ ಹೋಗುತ್ತಿದ್ದ.

ಬೀದಿಯಲ್ಲಿ ಯಾರಾದರೂ ಗುಡಾಣ ಎಂದು ಕೂಗಿದರೆ ದೊಡ್ಡಕ್ಕ ತಲೆ ಎತ್ತದೆ ನಡೆದುಬಿಡುತ್ತಿದ್ದಳು. ಒಮ್ಮೆ ಕಡ್ಡಿ ಹಾಗೆ ಕೂಗಿದವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿ ಬಂದಿದ್ದ. ಅವಳು ಅವನನ್ನು ಬೈದಳು. ಬೈಯುತ್ತಲೇ ತಲೆ ಸವರಿದಳು. ಫೋಟೋ ತೆಗೆಸಿಕೊಳ್ಳುವಾಗ ಅವಳು ಯಾವಾಗಲೂ ಹಿಂದಿನ ಸಾಲಿನಲ್ಲಿ ಯಾರದಾದರೂ ಹೆಗಲ ಮರೆಯಲ್ಲಿ ನಿಲ್ಲುತ್ತಿದ್ದಳು. ಕಡ್ಡಿಯ ಮದುವೆಯ ಫೋಟೋದಲ್ಲಿ ಅವಳ ಅರ್ಧ ಮುಖ ಮಾತ್ರ ಬಂದಿದೆ.

ಕಡ್ಡಿಗೆ ನಲವತ್ತು ದಾಟಿದ ಮೇಲೆ ಆ ಕಾಯ ಅವನ ಕಣ್ಣಿಗೆ ಬಿತ್ತು. ಹೊರಗಿನವರು ಅಂದುಕೊಳ್ಳುವ ಹಾಗೆ ಅವನೇನು ದೂರದರ್ಶಕಕ್ಕೆ ಕಣ್ಣಿಟ್ಟು ಕಂಡದ್ದಲ್ಲ. ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ದಿನ ಗಾಜಿನ ಫಲಕಗಳ ಮೇಲೆ ಚಿತ್ರ ಹಿಡಿದು, ಆಮೇಲೆ ಹಗಲು ಹೊತ್ತಿನಲ್ಲಿ ಅವನ್ನು ಹೋಲಿಸಿ ನೋಡುವುದು ಅವನ ಕೆಲಸ. ಅದಕ್ಕೊಂದು ಯಂತ್ರವಿತ್ತು. ಎರಡು ಫಲಕಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಕಿಂಡಿಯಲ್ಲಿ ನೋಡಿದರೆ ಇದು ಒಮ್ಮೆ, ಅದು ಒಮ್ಮೆ ಕಣ್ಣ ಮುಂದೆ ಬರುತ್ತದೆ. ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ನಡುವೆ ಜಾಗ ಬದಲಿಸಿದ್ದು ಏನಾದರೂ ಇದ್ದರೆ ಅದೊಂದೇ ಅತ್ತಿಂದಿತ್ತ ಕುಣಿಯುತ್ತದೆ. ಯಂತ್ರಕ್ಕೆ ಎಲ್ಲರೂ ಮಿಟುಕ ಎಂದು ಹೆಸರಿಟ್ಟಿದ್ದರು. ಇಡೀ ದಿನ ಮಿಟುಕದ ಮುಂದೆ ಕೂತರೆ ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಹುಪಾಲು ದಿನ ಸಿಗುತ್ತಿದ್ದದ್ದು ಧೂಳಿನ ಕಣ.

ಅಂದು ಕುಣಿದ ಚುಕ್ಕೆಯನ್ನೂ ಅವನು ಧೂಳೆಂದೇ ತಿಳಿದ. ಫಲಕ ಒರೆಸಿ ಮತ್ತೆ ಇಟ್ಟ. ಚುಕ್ಕೆ ಮತ್ತೆ ಕುಣಿಯಿತು. ಇನ್ನೊಂದು ದಿನದ ಫಲಕ ತಂದು ನೋಡಿದ. ಎಲ್ಲಿರಬೇಕಿತ್ತೋ ಅಲ್ಲೇ ಇತ್ತು. ಮಿಕ್ಕ ಕ್ಷುದ್ರಗ್ರಹಗಳೆಲ್ಲ ಸೂರ್ಯನ ಸುತ್ತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತಿದರೆ, ಇದು ಓರೆಯಾಗಿ, ಯಾರೂ ಹುಡುಕಲು ಹೋಗದ ದಾರಿಯಲ್ಲಿ ಸುತ್ತುತ್ತಿತ್ತು. ಅವನು ಸುದ್ದಿ ಕಳಿಸಿದ, ಬೇರೆ ವೀಕ್ಷಣಾಲಯದವರೂ ಅದನ್ನು ಕಂಡು ಹೌದೆಂದರು, ಅದಕ್ಕೊಂದು ಕ್ರಮಸಂಖ್ಯೆ ಬಂತು. ಅಲ್ಲಿಗೆ ಅದು ಸಾವಿರಾರರಲ್ಲಿ ಒಂದು. ಆದರೆ ಮುಂದಿನ ವರ್ಷ ಯಾರೋ ಅದರ ಮೈಯಿಂದ ಹೊಮ್ಮುವ ಶಾಖ ಅಳೆದು ಗಾತ್ರ ಲೆಕ್ಕಹಾಕಿದಾಗ ಎಲ್ಲರೂ ಬೆಚ್ಚಿದರು. ಮಸಿಯಂಥ ಕಪ್ಪು ಮೈ, ಆದ್ದರಿಂದ ಬೆಳಕು ಕಡಿಮೆ. ಗಾತ್ರ ಮಾತ್ರ ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಷ್ಟು ದೊಡ್ಡ ಕ್ಷುದ್ರಗ್ರಹ ಇಷ್ಟು ಕಾಲ ಕಣ್ಣು ತಪ್ಪಿಸಿಕೊಂಡಿತ್ತೆಂದು ಯಾರೂ ಎಣಿಸಿರಲಿಲ್ಲ.

ಕಂಡುಹಿಡಿದವನೇ ಹೆಸರು ಸೂಚಿಸುವುದು ಆ ಕ್ಷೇತ್ರದ ರೂಢಿ. ಕಡ್ಡಿ ಯೋಚಿಸಲೇ ಇಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ಅಂದು ಮನೆಗೆ ಬರುತ್ತಲೇ, ದೊಡ್ಡಕ್ಕನ ಹೆಸರಿಡುತ್ತೇನೆ ಎಂದ. ಅವಳು ಹಿಗ್ಗಿದಳು. ಯಾವ ಹೆಸರು, ಕಾಗದಪತ್ರದಲ್ಲಿರುವುದೋ ಎಂದು ಕೇಳಿದಳು. ಅದಲ್ಲ, ದೊಡ್ಡಕ್ಕ ಎಂದೇ ಇಡುತ್ತೇನೆ, ನಾನು ಮೊದಲು ಕಲಿತ ಮಾತೇ ಅದು ಎಂದ. ‘ಕಂಡುಹಿಡಿದವನನ್ನು ಸಾಕಿ ಬೆಳೆಸಿದ ಅಕ್ಕನ ಗೌರವಕ್ಕಾಗಿ’ ಎಂದು ಒಂದು ಸಾಲಿನ ವಿವರಣೆ ಬರೆದು ಕಳಿಸಿದ. ಹೆಸರಿಡುವ ಸಮಿತಿ ಒಪ್ಪಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತು. ವೀಕ್ಷಣಾಲಯದ ನಿರ್ದೇಶಕರು ಪತ್ರಕರ್ತರನ್ನು ಕರೆಸಿದರು. ರೇಡಿಯೋದವರು ನೇರಪ್ರಸಾರ ಮಾಡುತ್ತೇವೆಂದರು.

ಕಡ್ಡಿ ಆಸ್ಪತ್ರೆಗೆ ಫೋನು ಮಾಡಿದ. ದೊಡ್ಡಕ್ಕ ಈಗ ಅಲ್ಲಿ ಮೇಲ್ವಿಚಾರಕಿ.

“ನಾಳೆ ಬೆಳಿಗ್ಗೆ ರೇಡಿಯೋ ಹಾಕ್ಕೊಂಡಿರು ದೊಡ್ಡಕ್ಕ.”

“ಯಾಕೋ, ಯಾರು ಹಾಡ್ತಾರೆ?”

“ಹಾಡಲ್ಲ, ನಾನು ಮಾತಾಡ್ತೀನಿ.”

“ನೀನಾ? ನಿನ್ನ ಬಾಯಿಂದ ಮಾತು ಹೊರಡುತ್ತೆ ಅಂದ್ರೆ ಎಲ್ಲಾ ಕೆಲಸ ನಿಲ್ಲಿಸಿ ಕೇಳಬೇಕಾದ್ದೇ,” ಎಂದು ನಕ್ಕಳು.

ಮರುದಿನ ವೀಕ್ಷಣಾಲಯದ ಗ್ರಂಥಾಲಯದಲ್ಲಿ ಕುರ್ಚಿ ಹಾಕಿಸಿದ್ದರು. ಕಡ್ಡಿ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಓರೆ ಕಕ್ಷೆ, ಕಪ್ಪು ಮೈ, ಗಾಜಿನ ಫಲಕ ಎಲ್ಲವನ್ನೂ ಹೇಳಿದ. ಪತ್ರಕರ್ತರು ಆಕಳಿಸಿದರು. ಒಬ್ಬರು ಗಡಿಯಾರ ನೋಡಿದರು. ದೊಡ್ಡಕ್ಕ ಎಂಬ ಹೆಸರನ್ನು ಅವನು ಹೇಳಿದಾಗ ಮಾತ್ರ ಒಂದಿಬ್ಬರು ತಲೆ ಎತ್ತಿದರು. ಇನ್ನು ಅವಳು ಅವನನ್ನು ಹೇಗೆ ಸಾಕಿದಳೆಂದು ಹೇಳಬೇಕು. ಅದಕ್ಕೆಂದೇ ಒಳ್ಳೆಯ ನಾಲ್ಕು ಮಾತು ಕೂಡಿಸಿಟ್ಟುಕೊಂಡಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕ್ಯಾಮೆರಾ ಹಿಡಿದವನೊಬ್ಬ ಕೇಳಿದ:

“ದೊಡ್ಡಕ್ಕ ಅಂದ್ರೆ ಎಷ್ಟು ದೊಡ್ಡಕ್ಕ, ಸರ್?”

ಒಂದಿಷ್ಟು ನಗು ಎದ್ದಿತು. ಆ ನಗುವಿನಲ್ಲಿ ಎಲ್ಲರ ಮುಖವೂ ಅವನ ಕಡೆಗೆ ತಿರುಗಿತು. ಜೀವಮಾನದಲ್ಲಿ ಒಂದು ಸಭೆ ಅವನ ಬಾಯನ್ನು ಹಾಗೆ ಕಾದು ನೋಡಿದ್ದಿಲ್ಲ.

“ಈ ಕಾಯ ಇದೆಯಲ್ಲ, ಹಾಗೇ,” ಎಂದ. “ಭಾರಿ ಗಾತ್ರ, ಮಸಿ ಬಣ್ಣ, ಅಲ್ಲಲ್ಲಿ ಉಬ್ಬುತಗ್ಗು. ದಾರೀಲಿ ಬರ್ತಾ ಇದ್ದಾಳೆ ಅಂದ್ರೆ ಮಿಕ್ಕವರು ಪಕ್ಕಕ್ಕೆ ಸರೀಬೇಕು.”

ಗ್ರಂಥಾಲಯ ಗೊಳ್ಳೆಂದಿತು. ನಿರ್ದೇಶಕರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪೆನ್ನುಗಳು ಓಡತೊಡಗಿದವು. ಸುತ್ತಮುತ್ತ ಚಿಕ್ಕ ಉಪಗ್ರಹವೇನಾದರೂ ಇದೆಯೋ ಎಂದು ಇನ್ನೊಬ್ಬರು ಕೇಳಿದರು.

“ಹತ್ತಿರ ಸುಳಿಯೋ ಧೈರ್ಯ ಯಾರಿಗಿದೆ, ಸರ್?” ಎಂದ ಕಡ್ಡಿ.

ಈ ಸಲ ನಗು ಇನ್ನೂ ಜೋರಾಯಿತು. ಕೂಡಿಸಿಟ್ಟ ನಾಲ್ಕು ಮಾತು ಬಾಯಿಗೆ ಬರಲೇ ಇಲ್ಲ. ಬಂದವರೆಲ್ಲ ಕೈ ಕುಲುಕಿದರು. ನೀವು ಇಷ್ಟು ತಮಾಷೆಯ ಮನುಷ್ಯರೆಂದು ಗೊತ್ತೇ ಇರಲಿಲ್ಲ ಎಂದರು ನಿರ್ದೇಶಕರು. ಅಂದು ಬೆಟ್ಟ ಇಳಿಯುವಾಗ ಕಡ್ಡಿಗೆ ನೆಲ ತಾಗುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಬೆನ್ನು ತಿರುಗಿಸಿಕೊಂಡು ಪಾತ್ರೆ ಒರೆಸುತ್ತಿದ್ದಳು. ಅಂಗಡಿಯಲ್ಲಿ ರೇಡಿಯೋ ಕೇಳಿದ್ದಳು. ಹೇಗಿತ್ತೆಂದು ಅವನೇ ಕೇಳಿದ.

“ಹಾಗೆ ಹೇಳಬಾರದಿತ್ತು ನೀವು.”

ತಮಾಷೆಗೆ ಹೇಳಿದ್ದು, ದೊಡ್ಡಕ್ಕನಿಗೆ ಅಷ್ಟು ಅರ್ಥವಾಗುವುದಿಲ್ಲವೇ, ನನ್ನನ್ನು ಎಲ್ಲರೂ ಕಡ್ಡಿ ಎನ್ನುವುದಿಲ್ಲವೇ, ನಾನೇನು ಕೊರಗಿದ್ದೇನೆಯೇ ಎಂದೆಲ್ಲ ಅವನು ಅಂದ.

“ಅವರ ಮೈ ನೋಡಿ ಯಾರಾದ್ರೂ ನಕ್ಕಾಗ ಅವರು ನಕ್ಕಿದ್ದನ್ನ ನೀವು ಯಾವತ್ತಾದ್ರೂ ನೋಡಿದೀರಾ?” ಎಂದಳು ಅವಳು.

ಅವನು ಫೋನು ಎತ್ತಿದ. ಆಸ್ಪತ್ರೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಮರುದಿನದ ಪತ್ರಿಕೆಯ ಮುಖಪುಟದಲ್ಲೇ ಒಂದು ವ್ಯಂಗ್ಯಚಿತ್ರ ಬಂದಿತ್ತು. ಉರುಟುರುಟಾದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟುಕೊಂಡು ಸೂರ್ಯನ ಸುತ್ತ ಹೊರಟಿದ್ದಾಳೆ, ಪುಟ್ಟ ಗ್ರಹಗಳೆಲ್ಲ ಹೆದರಿ ಚದುರಿ ಓಡುತ್ತಿವೆ. ಅದನ್ನು ಬರೆದವನು ದೊಡ್ಡಕ್ಕನನ್ನು ನೋಡಿದವನಲ್ಲ. ಆದರೂ ಆ ನಿಲುವು ಅವಳದ್ದೇ ಆಗಿತ್ತು. ಕಡ್ಡಿ ಅಂದು ಬೆಟ್ಟ ಹತ್ತಲಿಲ್ಲ; ಸೀದಾ ಆಸ್ಪತ್ರೆಗೆ ಹೋದ.

ನೆಲಮಾಳಿಗೆಯಲ್ಲಿ ಡ್ರಮ್ಮುಗಳು ತಿರುಗುತ್ತಿದ್ದವು. ಅವನು ಬಂದದ್ದನ್ನು ಕಂಡ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸಕ್ಕೆ ತಲೆ ತಗ್ಗಿಸಿಕೊಂಡರು. ಅವನನ್ನು ಮಗುವಾಗಿದ್ದಾಗಿನಿಂದ ಬಲ್ಲ, ಎಲ್ಲರೂ ಇಸ್ತ್ರಿಯಮ್ಮ ಎಂದು ಕರೆಯುವ ಮುದುಕಿ ಮಾತ್ರ ಉರುಳೆ ನಿಲ್ಲಿಸಿ ಹತ್ತಿರ ಬಂದಳು. ದೊಡ್ಡಕ್ಕ ಇಂದು ಕೆಲಸಕ್ಕೆ ಬಂದಿಲ್ಲ ಎಂದಳು. ಸೇರಿದ ಮೇಲೆ ಇದೇ ಮೊದಲು.

ನಿನ್ನೆ ಏನಾಯಿತೆಂದು ಅವನು ಕೇಳಿದ. ಇಸ್ತ್ರಿಯಮ್ಮ ಮೊದಲು ಹೇಳಲೊಲ್ಲಳು, ಆಮೇಲೆ ಹೇಳಿದಳು. ದೊಡ್ಡಕ್ಕ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳಂತೆ. ಡ್ರಮ್ಮುಗಳನ್ನೆಲ್ಲ ನಿಲ್ಲಿಸಿ, ಎಲ್ಲರನ್ನೂ ಕರೆದು ರೇಡಿಯೋದ ಸುತ್ತ ಕೂರಿಸಿದ್ದಳು. ಹೆಸರು ಕೇಳಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮುಖ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ.

“ಆಮೇಲೆ ಆ ಮಾತು ಬಂತು,” ಎಂದಳು ಇಸ್ತ್ರಿಯಮ್ಮ. “ನಮ್ಮಲ್ಲೂ ನಾಲ್ಕು ಜನ ನಕ್ಕೇಬಿಟ್ರು. ಸುಳ್ಳು ಯಾಕೆ, ನಾನೂ ನಕ್ಕೆ, ತಡೆಯೋಕಾಗ್ಲಿಲ್ಲ. ಅವಳು ಎದ್ದು ರೇಡಿಯೋ ಆರಿಸಿ, ಡ್ರಮ್ಮು ಹಾಕಿ, ಹೊತ್ತಾಯ್ತು ಅಂದ್ಲು. ಅಷ್ಟೇ. ಮನೆಗೆ ಹೋಗೋವರೆಗೂ ಮತ್ತೆ ಬಾಯಿ ಬಿಡಲಿಲ್ಲ.”

ಇಂದು ಬೆಳಿಗ್ಗೆ ಯಾರೋ ಪತ್ರಿಕೆಯ ಆ ಚಿತ್ರವನ್ನು ಬಟ್ಟೆ ಗಾಡಿಗೆ ಅಂಟಿಸಿದ್ದರು, ನಾನೇ ಕಿತ್ತು ಒಲೆಗೆ ಹಾಕಿದೆ ಎಂದೂ ಹೇಳಿದಳು. ಕಡ್ಡಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಕ್ಕನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ, ಎರಡನೆಯ ಮಹಡಿಯ ಎರಡು ಕೋಣೆ. ಅವಳು ಬಾಗಿಲು ತೆರೆದು, ಅವನ ಮುಖ ನೋಡಿ, ಎಂದಿನಂತೆ ಊಟವಾಯಿತೇ ಎಂದು ಕೇಳಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ಹಾಕಿ ಬಡಿಸಿದಳು. ಅವನು ದೊಡ್ಡಕ್ಕ ಎಂದು ಬಾಯಿ ತೆರೆದರೆ, ಮೊದಲು ತಿನ್ನು ಎಂದಳು. ಅವನು ಅನ್ನ ಕಲಸುತ್ತ ಕೂತ. ಎದುರಿನ ಗೋಡೆಯಲ್ಲಿ ಅವನು ಪದವಿ ಪಡೆದಾಗಿನ ಫೋಟೋ ತೂಗುತ್ತಿತ್ತು. ಅದರಲ್ಲಿ ಅವನೊಬ್ಬನೇ ಇದ್ದ.

“ಕ್ಷುದ್ರ ಅಂದ್ರೇನೋ?” ಎಂದು ಅವಳು ಕೇಳಿದಳು.

“ಚಿಕ್ಕದು ಅಂತ. ಗ್ರಹಕ್ಕಿಂತ ಚಿಕ್ಕದು, ಅದಕ್ಕೇ ಆ ಹೆಸರು.”

“ನೀಚ ಅಂತಲೂ ಹೇಳ್ತಾರೆ. ಅಷ್ಟು ನನಗೂ ಗೊತ್ತು.”

ಅವನು ಕಲಸಿದ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿದ.

“ಬೀದೀಲಿ ಅಂದ್ರು, ಸ್ಕೂಲಲ್ಲಿ ಅಂದ್ರು, ಆಸ್ಪತ್ರೇಲಿ ಡಾಕ್ಟರುಗಳೂ ಅಂದ್ರು,” ಎಂದಳು ದೊಡ್ಡಕ್ಕ. ದನಿ ಏರಿರಲಿಲ್ಲ. “ಅವರೆಲ್ಲ ಹೊರಗಿನವರು. ಮನೆಗೆ ಬಂದು ಬಾಗಿಲು ಹಾಕ್ಕೊಂಡ್ರೆ ಆ ಮಾತು ಆಚೇನೇ ಉಳೀತಿತ್ತು. ಒಳಗೆ ನೀನಿದ್ದೆ. ನಿನ್ನ ಕಣ್ಣಿಗೆ ನಾನು ಬರೀ ಅಕ್ಕ ಅಂದ್ಕೊಂಡಿದ್ದೆ. ನೀನೂ ಅವರ ಕಣ್ಣಲ್ಲೇ ನನ್ನ ನೋಡ್ತಿದ್ದೆ ಅಂತ ನಿನ್ನೆ ಗೊತ್ತಾಯ್ತು.”

ಅವನು ಇಲ್ಲ ಎನ್ನಲು ಹೊರಟ. ಇಲ್ಲವಾಗಿದ್ದರೆ ಆ ಮಾತುಗಳು ಎಲ್ಲಿಂದ ಬಂದವು? ಅವನು ಹುಡುಕಿರಲಿಲ್ಲ, ತಡವರಿಸಿರಲಿಲ್ಲ. ಒಂದರ ಹಿಂದೊಂದು, ಎಂದಿನಿಂದಲೋ ಸಿದ್ಧವಾಗಿ ಕೂತಿದ್ದವು ಎಂಬಂತೆ ಬಂದಿದ್ದವು. ಅದು ಹೊಳೆದಾಗ ಅವನ ಕಿವಿಯ ತುದಿಯವರೆಗೂ ಬಿಸಿಯೇರಿತು. ತಪ್ಪಾಯಿತು ಎಂದ.

“ಆ ಹೆಸರು ತೆಗೆಸಿಬಿಡು,” ಎಂದಳು.

“ತೆಗೆಸ್ತೀನಿ, ದೊಡ್ಡಕ್ಕ.”

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ನಿರ್ದೇಶಕರು ಮೊದಲು ನಕ್ಕರು, ಆಮೇಲೆ ಅವನ ಮುಖ ನೋಡಿ ಗಂಭೀರವಾದರು. ಒಮ್ಮೆ ಅಚ್ಚಾದ ಹೆಸರನ್ನು ಬದಲಿಸುವ ಪದ್ಧತಿಯೇ ಇಲ್ಲ, ಆಗಲೇ ನಕ್ಷೆಗಳಲ್ಲಿ ಸೇರಿದೆ ಎಂದರು. ನಾವೆಲ್ಲ ಹೋದ ಮೇಲೂ ನಿಮ್ಮಕ್ಕನ ಹೆಸರು ಆಕಾಶದಲ್ಲಿ ಇರುತ್ತದಲ್ಲ, ಅದಕ್ಕಿಂತ ಇನ್ನೇನು ಬೇಕು ಎಂದು ಸಮಾಧಾನವನ್ನೂ ಹೇಳಿದರು. ಕಡ್ಡಿ ಸಮಿತಿಗೇ ಬರೆದು ಕೇಳಿಕೊಂಡ. ಸಾಧ್ಯವಿಲ್ಲವೆಂದು ಸೌಜನ್ಯದ ಉತ್ತರ ಬಂತು.

ಆ ಮಾತನ್ನು ದೊಡ್ಡಕ್ಕನಿಗೆ ಹೋಗಿ ಹೇಳಬೇಕಿತ್ತು. ಅವನು ಹೇಳಲಿಲ್ಲ. ಇಂದು ಕೆಲಸವಿದೆ ಎಂದ, ನಾಳೆ ಮೋಡವಿಲ್ಲ, ಚಿತ್ರ ಹಿಡಿಯಬೇಕು ಎಂದ. ಆಸ್ಪತ್ರೆಯ ಬೀದಿ ತಪ್ಪಿಸಿ ಸುತ್ತು ಬಳಸಿ ಮನೆಗೆ ಬರತೊಡಗಿದ. ಫೋನು ಹೊಡೆದುಕೊಂಡರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳೂ ಫೋನು ಮಾಡಲಿಲ್ಲ. ಹೆಂಡತಿ ಮಾತ್ರ ನಡುನಡುವೆ ಹೋಗಿ ಬರುತ್ತಿದ್ದಳು. ಕೇಳಿದರೆ, ಚೆನ್ನಾಗಿದ್ದಾರೆ ಎನ್ನುವಳು, ಅದರ ಮೇಲೊಂದು ಮಾತಿಲ್ಲ. ಹೀಗೆ ತಿಂಗಳುಗಳು ಸರಿದವು.

ಈ ನಡುವೆ ವಿಜ್ಞಾನ ಸಂಘವೊಂದು ಅವನನ್ನು ಭಾಷಣಕ್ಕೆ ಕರೆಯಿತು. ಸಭಾಂಗಣ ತುಂಬಿತ್ತು. ಪರಿಚಯಿಸಲು ನಿಂತ ಕಾರ್ಯದರ್ಶಿ, ಇವರನ್ನು ಎಲ್ಲರೂ ಬಲ್ಲಿರಿ, ದಾರಿಯಲ್ಲಿ ಬಂದರೆ ಮಿಕ್ಕವರು ಸರಿಯಬೇಕಾದ ಆ ದೊಡ್ಡಕ್ಕನ ತಮ್ಮ ಎಂದುಬಿಟ್ಟರು. ಕಡ್ಡಿ ಬಾಯಿ ತೆರೆಯುವ ಮೊದಲೇ ಸಭೆ ನಕ್ಕಿತು. ಎಲ್ಲರೂ ಅವನಿಂದ ಇನ್ನೊಂದು ಅಂಥ ಮಾತಿಗಾಗಿ ಕಾಯುತ್ತಿದ್ದರು.

ಅವನಿಗೆ ತಡೆಯಲಾಗಲಿಲ್ಲ. ಆ ತಮಾಷೆ ಮಾಡಿದ್ದು ನನ್ನ ತಪ್ಪು ಎಂದು ಶುರುಮಾಡಿದ. ನಮ್ಮಕ್ಕ ದಪ್ಪಗಿರುವುದೂ ಕಪ್ಪಗಿರುವುದೂ ನಗುವ ವಿಷಯವಲ್ಲ, ಅಂಥ ಮೈ ಇಟ್ಟುಕೊಂಡೂ ಅವಳು ಹಗಲಿಡೀ ದುಡಿದು ನನ್ನನ್ನು ಸಾಕಿದಳು ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿಬಂತು. ಮುಂದಿನ ಸಾಲಿನವರೂ ಕಣ್ಣೊರೆಸಿಕೊಂಡರು. ಕೊನೆಗೆ ಭಾರಿ ಚಪ್ಪಾಳೆ. ಬಹಳ ದಿನದ ಮೇಲೆ ಅವನಿಗೆ ಎದೆ ಹಗುರಾಯಿತು. ಮನೆಗೆ ಬಂದು ನೆಮ್ಮದಿಯಾಗಿ ಉಂಡ.

ಅದೂ ಪತ್ರಿಕೆಯಲ್ಲಿ ಬಂತು: ‘ಅಕ್ಕನ ಮೈ ನಗುವ ವಿಷಯವಲ್ಲ’ ಎಂಬ ತಲೆಬರಹ, ಪಕ್ಕದಲ್ಲಿ ಕರವಸ್ತ್ರ ಹಿಡಿದ ಕಡ್ಡಿಯ ಫೋಟೋ.

ಅದೇ ದಿನ ದೊಡ್ಡಕ್ಕ ಬೆಟ್ಟ ಹತ್ತಿ ಬಂದಳು. ಅವನು ಅಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಎಷ್ಟೋ ಸಲ ಕರೆದಿದ್ದರೂ ಬಂದವಳಲ್ಲ. ಮಿಟುಕದ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವಳನ್ನು ನೋಡಿ ಅವನು ಎದ್ದು ನಿಂತ. ಅಲ್ಲಿ ಕೂರಲು ಇದ್ದದ್ದು ಮೂರು ಕಾಲಿನ ಪುಟ್ಟ ಸ್ಟೂಲು. ಅವನ ಕಣ್ಣು ಸ್ಟೂಲಿನ ಕಡೆಗೆ ಹೋಯಿತು, ಅಲ್ಲಿಂದ ಅವಳ ಕಡೆಗೆ, ಮತ್ತೆ ಸ್ಟೂಲಿನ ಕಡೆಗೆ. ಓಡಿಹೋಗಿ ನಿರ್ದೇಶಕರ ಕೋಣೆಯಿಂದ ಅಗಲವಾದ ಕುರ್ಚಿ ಹೊತ್ತು ತಂದ. ತಂದಿಟ್ಟ ಮೇಲೆ, ತನ್ನ ಕಣ್ಣು ಓಡಾಡಿದ್ದನ್ನು ಅವಳು ನೋಡಿದ್ದಾಳೆಂದು ಗೊತ್ತಾಯಿತು. ಅವಳು ಕೂತಳು.

“ಮತ್ತೆ ಸಭೇಲಿ ನನ್ನ ಮೈ ಬಗ್ಗೆ ಮಾತಾಡಿದ್ಯಂತೆ.”

“ತಪ್ಪೊಪ್ಪಿಕೊಂಡೆ, ದೊಡ್ಡಕ್ಕ.”

“ಯಾರ ಹತ್ರ?”

ಅವನು ಮಿಟುಕದ ಕಿಂಡಿಯನ್ನು ಒರೆಸತೊಡಗಿದ.

“ಅಂಥ ಮೈ ಇಟ್ಕೊಂಡು ಅಂದ್ಯಂತೆ. ಯಾವ ಮೈ ಇಟ್ಕೋಬೇಕಿತ್ತು ನಾನು? ನಿನ್ನ ಎತ್ಕೊಂಡು ಓಡಾಡಿದ್ದು ಈ ಮೈಯೇ. ಮೊದಲ ಸಲ ಅವರು ನಕ್ಕರು. ಈ ಸಲ ಅಯ್ಯೋ ಪಾಪ ಅಂದ್ರು. ಬೆಳಿಗ್ಗೆ ಒಬ್ಬ ನರ್ಸು ಬಂದು ನನ್ನ ಕೈ ಹಿಡ್ಕೊಂಡು ಅತ್ತಳು ಕಣೋ. ನನಗೆ ನಗೋರೇ ವಾಸಿ ಅನ್ನಿಸ್ತು.”

ಸಭೆಯಲ್ಲಿ ಸಿಕ್ಕ ಹಗುರವೆಲ್ಲ ಕಡ್ಡಿಯ ಎದೆಯಿಂದ ಒಮ್ಮೆಲೇ ಇಳಿದುಹೋಯಿತು. ಚಪ್ಪಾಳೆ ಬಿದ್ದಾಗ ತಾನು ಒಂದು ಕ್ಷಣ ಕಣ್ಣು ಮುಚ್ಚಿ ಅದನ್ನು ಸವಿದದ್ದು ನೆನಪಾಯಿತು. ಗ್ರಂಥಾಲಯದ ನಗುವನ್ನೂ ಹೀಗೇ ಸವಿದಿದ್ದ. ಎರಡು ಸಲವೂ ಅವಳನ್ನು ಸಭೆಗೆ ಕೊಟ್ಟು ತಾನು ಮೆಚ್ಚುಗೆ ತೆಗೆದುಕೊಂಡದ್ದೇ ಆಗಿತ್ತು.

“ಹೆಸರು ತೆಗೆಸ್ತೀನಿ ಅಂದಿದ್ದೆ,” ಎಂದಳು ಅವಳು.

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಆಗುವುದಿಲ್ಲವಂತೆ, ಕೇಳಿ ನೋಡಿದೆ, ಬರೆದೂ ಕೇಳಿದೆ, ಯಾರೂ ಒಪ್ಪಲಿಲ್ಲ. ಯಾವಾಗ ಗೊತ್ತಾಯಿತೆಂದು ಅವಳು ಕೇಳಿದಾಗ ಅದನ್ನೂ ಹೇಳಬೇಕಾಯಿತು.

“ಆಗಲ್ಲ ಅಂತ ಬಂದು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಹೇಳಿದ್ರೆ ನಾನೇನು ನಿನ್ನ ಹೊಡೀತಿದ್ನಾ? ನೀನು ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ದಿನಾ ಒಂದು ಹಿಡಿ ಹೆಚ್ಚು ಹಾಕಿ ಅಡಿಗೆ ಮಾಡ್ತಿದ್ದೆ.”

ಆಗ ಅವನಿಗೆ ಅಳು ಬಂತು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ; ಕಿಟಕಿಯ ಕಡೆ ಮುಖ ತಿರುಗಿಸಿ, ಅವನು ಮೂಗು ಒರೆಸಿಕೊಳ್ಳುವವರೆಗೂ ಕಾದಳು. ಆಮೇಲೆ, ಎಲ್ಲಿದೆ ಅದು, ತೋರಿಸು ಎಂದಳು.

ಅವನು ಆ ಎರಡು ಫಲಕಗಳನ್ನು ಹುಡುಕಿ ತಂದು ಮಿಟುಕಕ್ಕೆ ಜೋಡಿಸಿದ. ದೊಡ್ಡಕ್ಕ ಕುರ್ಚಿ ಎಳೆದುಕೊಂಡು ಕಿಂಡಿಗೆ ಕಣ್ಣಿಟ್ಟಳು. ಬಹಳ ಹೊತ್ತು ಏನೂ ಕಾಣುತ್ತಿಲ್ಲ ಎನ್ನುತ್ತಲೇ ಇದ್ದಳು. ಎಲ್ಲಾ ಚುಕ್ಕೆ ಒಂದೇ ಥರ ಇವೆ ಎಂದಳು. ಒಂದು ಕುಣಿಯುತ್ತಿದೆ, ಬಲಗಡೆ ಕೆಳಗೆ ನೋಡು ಎಂದು ಅವನು ಹೇಳಿದ. ಅವಳ ಬೆನ್ನು ಅಲ್ಲಾಡದೆ ನಿಂತದ್ದನ್ನು ನೋಡಿ, ಸಿಕ್ಕಿತೆಂದು ತಿಳಿದುಕೊಂಡ. ಯಂತ್ರ ಟಕ್ ಟಕ್ ಎನ್ನುತ್ತಿತ್ತು.

“ಅಲ್ಲಿ ಯಾರಾದ್ರೂ ಇದಾರಾ?” ಎಂದು ಕಣ್ಣು ತೆಗೆಯದೆ ಕೇಳಿದಳು.

“ಯಾರೂ ಇಲ್ಲ.”

“ಒಳ್ಳೇದು.”

ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಕೊನೆಗೆ ಎದ್ದು, ಕುರ್ಚಿಯನ್ನು ತಾನೇ ಎತ್ತಿ ಗೋಡೆಯ ಪಕ್ಕಕ್ಕಿಟ್ಟಳು.

“ಆ ಹೆಸರು ಅದಕ್ಕೇ ಇರಲಿ. ಕೊಟ್ಟಾಗಿದೆ. ನೀನು ಮಾತ್ರ ಇನ್ಮೇಲೆ ನನ್ನ ಹಾಗೆ ಕರೀಬೇಡ.”

“ಮತ್ತೇನಂತ ಕರೀಲಿ?”

“ಅಕ್ಕ ಅನ್ನು. ಅಷ್ಟು ಸಾಕು.”

ಚಿಕ್ಕಕ್ಕನೂ ದೊಡ್ಡಕ್ಕ ಎಂದೇ ಕರೆಯುತ್ತಾಳಲ್ಲ ಎಂದು ಅವನು ಮೆಲ್ಲಗೆ ಅಂದ. ಅವಳು ಕರೆಯಲಿ, ನನ್ನ ಜೊತೆ ಕೆಲಸ ಮಾಡುವವರೂ ಕರೆಯಲಿ, ಅವರ ಬಾಯಲ್ಲಿ ಅದು ಹಳೆಯ ಮಾತೇ ಆಗಿದೆ ಎಂದಳು ಅವಳು. ನಿನ್ನ ಬಾಯಲ್ಲಿ ಅದು ಕೇಳಿದ ಕೂಡಲೇ ನನಗೆ ರೇಡಿಯೋದ ನಗು ಕೇಳಿಸುತ್ತದೆ, ಏನು ಮಾಡಲಿ ಎಂದಳು. ಕೋಪದಿಂದ ಹೇಳಿದ್ದಲ್ಲ. ಬಸ್ಸಿನವರೆಗೂ ಬಿಡುತ್ತೇನೆ ಎಂದು ಅವನು ಹೊರಟದ್ದಕ್ಕೆ ಬೇಡವೆನ್ನಲಿಲ್ಲ. ಇಳಿಜಾರಿನಲ್ಲಿ ಕಾಲು ಜಾರಿದಾಗ ಅವನ ಭುಜ ಹಿಡಿದುಕೊಂಡಳು. ದಾರಿಯುದ್ದಕ್ಕೂ, ಹೊಸ ಡ್ರಮ್ಮುಗಳು ಬಟ್ಟೆ ಹರಿಯುತ್ತವೆ ಎಂದು ಆಸ್ಪತ್ರೆಯ ಸುದ್ದಿ ಹೇಳಿದಳು.

ಆಮೇಲೆ ಅವರ ನಡುವೆ ಹೋಗಿಬರುವುದು ಮೊದಲಿನಂತೆ ನಡೆಯಿತು. ರಜೆಯ ದಿನ ಅವಳು ಬರುವಳು, ಅವನ ಹೆಂಡತಿಯ ಜೊತೆ ಕೂತು ನಗುವಳು, ಅವನು ಸೊರಗಿದ್ದಾನೆಂದು ಬೈದು ಎರಡನೆಯ ಸಲ ಬಡಿಸುವಳು. ಕಡ್ಡಿ ಅಕ್ಕ ಎನ್ನುವುದನ್ನು ಕಲಿತ. ನಲವತ್ತು ವರ್ಷದ ನಾಲಿಗೆ ಅದು. ಎಷ್ಟೋ ಸಲ ‘ದೊಡ್ಡ’ ಎನ್ನುವವರೆಗೂ ಬಂದು, ಅಲ್ಲೇ ನುಂಗಿಕೊಂಡು, ಮಿಕ್ಕದ್ದನ್ನು ಹೇಳುವನು. ಅವಳು ಉಳಿದ ಅರ್ಧಕ್ಕೇ ಓಗೊಡುವಳು. ಹೆಂಡತಿ ತಟ್ಟೆಯ ಕಡೆಗೆ ನೋಡುವಳು.

ವೀಕ್ಷಣಾಲಯಕ್ಕೆ ಬಂದವರಿಗೆ ಅವನೇ ಗೋಡೆಯ ಚಿತ್ರಗಳನ್ನು ತೋರಿಸಬೇಕಾಗಿತ್ತು. ಆ ಕ್ಷುದ್ರಗ್ರಹದ ಮುಂದೆ ಬಂದಾಗ ಯಾರಾದರೊಬ್ಬರು, ಹಳೆಯ ಪತ್ರಿಕೆ ಓದಿದವರು, ಹೆಸರಿನ ಕಥೆ ಹೇಳಿ ಎಂದು ಮುಗುಳ್ನಗುತ್ತ ಕೇಳುವರು. ನನ್ನ ಅಕ್ಕನ ಹೆಸರು ಎಂದಷ್ಟೇ ಹೇಳಿ ಕಡ್ಡಿ ಮುಂದಿನ ಚಿತ್ರಕ್ಕೆ ಹೋಗುವನು. ಅವರು ಇನ್ನೇನೋ ಬರುತ್ತದೆಂದು ಒಂದು ಗಳಿಗೆ ಅಲ್ಲೇ ನಿಂತಿರುವರು. ಅಷ್ಟು ಹೊತ್ತೂ ಅವನ ಮುಖ ಕಾವಲಿಯ ಹಾಗೆ ಕಾದಿರುತ್ತಿತ್ತು.